ಸೋಡಾ ಅಂದರೆ ಯಾವ ಸೋಡಾ

ಆಕೆಗೆ ತಿಕ್ಕಮ್ಮ ಎಂಬ ಹೆಸರು ಬಿದ್ದದ್ದು ಮದುವೆಯಾದ ಹೊಸದರಲ್ಲೇ. ಎಲ್ಲಿ ಕಲೆ ಕಂಡರೂ ತೋಳು ಮಡಚಿ ಕೂತುಬಿಡುತ್ತಿದ್ದಳು. "ಒಂದಿನ ನನ್ನನ್ನೂ ತಿಕ್ಕಿಬಿಡ್ತಾಳೆ, ಹುಷಾರಾಗಿರ್ಬೇಕು" ಎಂದು ಗಂಡ ನಗುತ್ತಾ ಇಟ್ಟ ಹೆಸರು ಬೀದಿಗೆಲ್ಲ ಹಬ್ಬಿತು. ಆಮೇಲೆ ಬೇಕರಿಯೊಂದರ ಹಿಂಬಾಗಿಲಲ್ಲಿ ಟ್ರೇ ತೊಳೆದೇ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದಳು. ಸುಟ್ಟ ಸಕ್ಕರೆ, ಕರಕಲು ಬೆಣ್ಣೆ ಯಾವುದಕ್ಕೆ ಬಿಡುತ್ತದೆ ಎಂಬುದು ಅವಳ ಕೈಗೇ ಗೊತ್ತಿತ್ತು.

ಹಾಗಾಗಿ ನಾದಿನಿ ಫೋನು ಮಾಡಿ, ಕೇಕಿನ ಅಚ್ಚಿಗೆ ಸಕ್ಕರೆ ಸುಟ್ಟು ಹಿಡಿದಿದೆ ಎಂದಾಗ, ಕೆಲಸದ ಗಡಿಬಿಡಿಯಲ್ಲಿ ಒಂದೇ ಮಾತು ಹೇಳಿದಳು: "ಬಿಸಿನೀರಿಗೆ ಸೋಡಾ ಹಾಕಿ ನೆನೆಸು."

ಸಂಜೆ ಹೋಗಿ ನೋಡಿದರೆ ಅಚ್ಚು ಒಳಗೂ ಹೊರಗೂ ಕಾವಲಿಯಂತೆ ಕಪ್ಪು.

"ಯಾವ ಸೋಡಾ ಹಾಕ್ದೆ?"

"ಸೋಡಾ ಅಂದ್ರೆ ಸೋಡಾ ಅಲ್ವಾ ಅತ್ತಿಗೆ? ಬಟ್ಟೆ ಒಗೆಯೋದು."

"ನನ್ನ ತಾಯಿ, ನಾನಂದಿದ್ದು ಅಡುಗೆ ಸೋಡಾ. ಅಲ್ಯೂಮಿನಿಯಂಗೆ ಬಟ್ಟೆ ಸೋಡಾ ಹಾಕಿದ್ರೆ ಕಪ್ಪಾಗ್ದೆ ಇರುತ್ತಾ?"

"ಬಿಡಿಸಿ ಹೇಳ್ಬೇಕಿತ್ತು ನೀವು."

ಅದೂ ನಿಜವೇ. ಬೇಕರಿಯಲ್ಲಿ ಸೋಡಾ ಅಂದರೆ ಒಂದೇ, ಮನೆಯಲ್ಲಿ ಎರಡು.

ಅಚ್ಚು ನಾದಿನಿಯ ಅತ್ತೆಯದು. ಆ ಬೀಗಿತ್ತಿ ಅದನ್ನು ಯಾರ ಕೈಗೂ ಕೊಟ್ಟವಳಲ್ಲ. ಮನೆಯಲ್ಲೇ ಕೇಕ್ ಮಾಡಿ ಮಾರುತ್ತೇನೆಂದು ಸೊಸೆ ಹಟ ಹಿಡಿದಾಗ, "ಇದೊಂದನ್ನ ನೆಟ್ಟಗೆ ಇಟ್ಕೊಂಡು ತೋರ್ಸು, ಆಮೇಲೆ ಓವನ್ ನಿಂದೇ. ಕೆಡಿಸಿದ್ರೆ ಆ ಮಾತೇ ಎತ್ಬೇಡ" ಎಂದು ಕೊಟ್ಟು, ಮಗಳ ಮನೆಗೆ ಹೋಗಿದ್ದಳು. ಬೆಳಗಾದರೆ ವಾಪಸು ಬರುವವಳು.

"ಅಳ್ಬೇಡ. ನಿಂಬೆಹಣ್ಣಿದೆಯಾ?"

"ರಸ ಹಿಂಡಾಯ್ತು. ಸಿಪ್ಪೆ ಇದೆ ಅಷ್ಟೆ."

"ಸಿಪ್ಪೆನೇ ಬೇಕಾಗಿರೋದು."

ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಅಚ್ಚು ಮುಳುಗುವಷ್ಟು ನೀರು, ಸಿಪ್ಪೆ, ಮೇಲೊಂದಿಷ್ಟು ವಿನೆಗರ್. ಕುದಿ ಬರುತ್ತಿದ್ದಂತೆ ಅಡುಗೆಮನೆಯೆಲ್ಲ ಹುಳಿ ವಾಸನೆ. ಅಂಚಿನ ಕಪ್ಪು ಮೊದಲು ಬೂದಿಬಣ್ಣಕ್ಕೆ ತಿರುಗಿತು, ಆಮೇಲೆ ಮೆಲ್ಲಗೆ ಬೆಳ್ಳಗಾಯಿತು. ನೆಂದು ಮೆತ್ತಗಾದ ಸಕ್ಕರೆ ಕರಕಲಿಗೆ ತಿಕ್ಕಮ್ಮ ಅಡುಗೆ ಸೋಡಾ ಕಲಸಿ ಹಚ್ಚಿ, ಹಳೇ ಬಟ್ಟೆ ಸುತ್ತಿದ ಬೆರಳಿನಿಂದ ಗೆರೆಗೆರೆಯನ್ನೂ ಉಜ್ಜಿದಳು. ನಾದಿನಿ ತಂತಿಯ ಉಂಡೆ ಎತ್ತಿಕೊಂಡಳು, ಕೈಗೆ ಹಗುರಾಗಿ ಒಂದು ಏಟು ಬಿತ್ತು. "ಅದರ ಮೈ ಗೀಚ್ಬೇಡ್ವೇ."

ಬೆಳಗ್ಗೆ ಬೀಗಿತ್ತಿ ಚೀಲ ಇಳಿಸುವ ಮೊದಲೇ ಅಚ್ಚು ಕೈಗೆತ್ತಿಕೊಂಡಳು.

"ಇದು ನಂದಲ್ಲ."

ನಾದಿನಿ ಅತ್ತಿಗೆಯ ಮುಖ ನೋಡಿದಳು.

"ನಂದು ಯಾವತ್ತು ಇಷ್ಟು ಬೆಳ್ಳಗಿತ್ತು? ಹೊಸದು ತಂದಿಟ್ಟು ನನ್ ಕಣ್ಣಿಗೆ ಮಣ್ಣೆರಚ್ತೀರಾ?"

ರಾತ್ರಿ ಅಲ್ಲೇ ಉಳಿದಿದ್ದ ತಿಕ್ಕಮ್ಮ ಅಚ್ಚನ್ನು ಬೋರಲು ಹಾಕಿದಳು. ತಳದಲ್ಲಿ ಒಂದು ಹಳೇ ನೆಗ್ಗು. ಬೀಗಿತ್ತಿ ಅದರ ಮೇಲೆ ಬೆರಳಾಡಿಸಿದಳು.

"ಇದು ನಾನೇ ಬೀಳಿಸಿದ್ದು. ಹೊಸ ಸೊಸೆಯಾಗಿದ್ದೆ ಆಗ" ಎಂದವಳು, "ಏನ್ ಹಾಕಿದ್ರಿ?" ಎಂದು ಕೇಳಿದಳು.

"ನಿಂಬೆ ಸಿಪ್ಪೆ, ಅತ್ತೆ" ಎಂದಳು ನಾದಿನಿ. ಮತ್ತೆ ತಾನಾಗಿಯೇ, "ಅದಕ್ಕೂ ಮುಂಚೆ ತಪ್ಪಿ ಬಟ್ಟೆ ಸೋಡಾ ಹಾಕಿ ಕಪ್ಪು ಮಾಡ್ಕೊಂಡಿದ್ದೆ."

"ಮುಚ್ಚಿಡಬಹುದಿತ್ತಲ್ಲ."

"ನಿಮ್ಮ ನೆಗ್ಗು ನೋಡಿ ಧೈರ್ಯ ಬಂತು."

ಬೀಗಿತ್ತಿಗೆ ನಗು ತಡೆಯಲಾಗಲಿಲ್ಲ. ಒಳಗೆ ಹೋಗಿ, ಕಪ್ಪು ಹಿಡಿದ ತನ್ನ ಟ್ರೇಗಳನ್ನೆಲ್ಲ ತಂದು ಧಡಧಡನೆ ಸುರಿದಳು. "ಓವನ್ ಇನ್ಮೇಲೆ ನಿಂದು. ಇವೂ ನಿನಗೇ. ಮೊದ್ಲು ನಿಮ್ಮತ್ತಿಗೆ ಕೈಲಿ ಬೆಳ್ಳಗೆ ಮಾಡಿಸ್ಕೋ."

"ಆಗ್ಲಿ. ಆದ್ರೆ ನೀವೂ ಕೂತ್ಕೊಳ್ಳಿ ಬೀಗರೇ, ಉಜ್ಜೋಕೆ" ಎಂದಳು ತಿಕ್ಕಮ್ಮ.

ಬೀಗಿತ್ತಿ ಗೊಣಗುತ್ತಲೇ ಕೂತಳು. ಅವರಿಬ್ಬರೂ ಟ್ರೇ ಉಜ್ಜುತ್ತಿರುವಾಗಲೇ ಮಾರಲೆಂದು ನಾದಿನಿ ಮಾಡಿದ ಮೊದಲ ಕೇಕ್ ಓವನ್ನಿನಲ್ಲಿ ಅಚ್ಚು ತುಂಬಿ ಉಬ್ಬುತ್ತಿತ್ತು.