ಪುಣ್ಯ ಅವರದು, ನಾಯಿ ನಮ್ಮ ಬಾಗಿಲಿಗೆ

ಅತ್ತೆ ದೇವದುರ್ಗ ಬಿಟ್ಟು ರಾಯಚೂರಿನ ನಮ್ಮ ಮನೆಗೆ ಬಂದಾಗ ಒಂದು ಟ್ರಂಕು, ನೋಯುವ ಮೊಣಕಾಲು ಮತ್ತು ಒಂದು ಬಿಳಿ ಪಮೇರಿಯನ್ ನಾಯಿಯನ್ನು ತಂದರು. ನಾಯಿಗೆ ವಯಸ್ಸಾಗಿದೆ, ಕಣ್ಣು ಮಸುಕು. ಆದರೂ ಮಹಾ ಶಿಸ್ತಿನ ಪ್ರಾಣಿ. ಸತ್ತರೂ ಮನೆಯೊಳಗೆ ಉಚ್ಚೆ ಹೊಯ್ಯದು. ಹಾಗಾಗಿ ಬೆಳಿಗ್ಗೆ ಸಂಜೆ ಅದನ್ನು ಅಡ್ಡಾಡಿಸುವ ಕೆಲಸ ನನ್ನ ಕೊರಳಿಗೆ ಬಿತ್ತು.

ಬಂದ ಹೊಸದರಲ್ಲೇ ಬೀದಿನಾಯಿಯೊಂದು ಅದರ ಕಿವಿ ಕಚ್ಚಿ ಹರಿಯಿತು. ಅದಕ್ಕೆ ಸೂಜಿ ಹಾಕಿಸಿಕೊಂಡು ಬಂದೆವು. ಅತ್ತೆ ನನ್ನನ್ನು ಬೈಯಲಿಲ್ಲ. ಕಿವಿಗೆ ಮುಲಾಮು ಹಚ್ಚುತ್ತ, "ಇನ್ನೊಮ್ಮಿ ಹಿಂಗಾದ್ರ ನಾ ಇದನ್ನ ಕರ್ಕೊಂಡು ದೇವದುರ್ಗಕ್ಕ ಹೋಗ್ತೀನವ್ವಾ," ಅಂದರು. ಅವರು ಅಂದದ್ದನ್ನು ಮಾಡುವವರು. ಮಾತಿಗೊಬ್ಬರು ಸಿಕ್ಕರಲ್ಲ ಎಂದು ಖುಷಿಯಲ್ಲಿದ್ದ ನಾನು ಅಂದೇ ಗಂಡನ ಹತ್ತಿರ ಉಪಾಯ ಕೇಳಿದೆ.

ನನ್ನ ಗಂಡ ದಿನಾ ಬಸ್ಸು ಹತ್ತಿ ಮಾನ್ವಿಗೆ ಹೋಗಿ ಮಕ್ಕಳಿಗೆ ಪಾಠ ಹೇಳುವವರು. ಮನೆಯಲ್ಲೂ ಅದನ್ನು ನಿಲ್ಲಿಸುವುದಿಲ್ಲ. "ಓಡಬ್ಯಾಡ. ಕಣ್ಣಾಗ ಕಣ್ಣಿಟ್ಟು ನೋಡಬ್ಯಾಡ. ಮರ ನಿಂತಂಗ ನಿಂತುಬಿಡು," ಎಂದು ಬೂಟಿನ ಲೇಸು ಕಟ್ಟುತ್ತ ಉಪದೇಶಿಸಿದರು. ಮರ ಕಂಡರೆ ನಾಯಿ ಏನು ಮಾಡುತ್ತದೆ ಎಂಬುದು ಅವರ ತಲೆಗೆ ಹೊಳೆದಿರಲಿಲ್ಲ. ನಾನು ಛತ್ರಿ ಹಿಡಿದು ಹೊರಡತೊಡಗಿದೆ. ಎದುರಿಗೆ ಫಟ್ಟನೆ ಬಿಚ್ಚಿದರೆ ಒಂದೆರಡು ನಾಯಿಗಳೇನೋ ಹಿಂದೆ ಸರಿಯುತ್ತಿದ್ದವು. ಶನಿವಾರದ ದಂಡಿಗೆ ಮಾತ್ರ ಛತ್ರಿ ಸಾಲುತ್ತಿರಲಿಲ್ಲ.

ಆ ದಂಡು ಎದುರು ಮನೆಯ ಅಕ್ಕಿ ಗಿರಣಿ ಸಾಹುಕಾರರ ಕೃಪೆ. ಶನಿಕಾಟಕ್ಕೆ ಪ್ರತಿ ಶನಿವಾರ ಕರಿನಾಯಿಗೆ ತುಪ್ಪ ಸವರಿದ ರೊಟ್ಟಿ ಹಾಕಿರೆಂದು ಅವರಿಗೆ ಯಾರೋ ಜ್ಯೋತಿಷಿ ಹೇಳಿದ್ದರು. ತುಪ್ಪದ ವಾಸನೆಗೆ ಕೆಂಚ, ಬಿಳಿಯ, ಬಣ್ಣಗೆಟ್ಟವು ಎಲ್ಲವೂ ಬಂದವು. ಬಂದವು ಅಲ್ಲೇ ಉಳಿದವು. ಸಾಹುಕಾರರು ತಮ್ಮ ಗೇಟಿಗೆ ನಾಯಿ ಬರಬಾರದೆಂದು ನೀಲಿ ನೀರಿನ ಬಾಟಲಿಗಳನ್ನು ಸಾಲಾಗಿ ಕಟ್ಟಿಸಿದ್ದರು. ರೊಟ್ಟಿಯನ್ನು ಮಾತ್ರ ರಸ್ತೆ ದಾಟಿ ಬಂದು ನಮ್ಮ ಬಾಗಿಲ ಮುಂದೆ ಎಸೆಯುತ್ತಿದ್ದರು. ಅವರ ಅಂಗಳಕ್ಕೆ ಹೊಸ ಗ್ರಾನೈಟ್ ಹಾಕಿಸಿದ್ದರಲ್ಲ, ಹೊಲಸಾಗಬಾರದು ನೋಡಿ! ದೂರಿದರೆ, "ಮೂಕ ಪ್ರಾಣಿ ತಂಗೀ, ಪುಣ್ಯದ ಕೆಲಸ," ಎಂದು ಕೈ ಮುಗಿಯುತ್ತಿದ್ದರು. ಕೈ ಮುಗಿದವರ ಜೊತೆ ಜಗಳವಾಡುವುದು ಹೇಗೆ?

ಒಂದು ಶನಿವಾರ ಅವರಿಗೆ ಪೂಜೆ ತಡವಾಗಿತ್ತು. ರೊಟ್ಟಿ ಹಾಕಿ ಮುಗಿದಿರಬೇಕೆಂದು ತಿಳಿದು ನಾನು ಮುದಿನಾಯಿಯನ್ನು ಹೊರಗೆ ತಂದೆ. ಹಸಿದ ದಂಡು ಕಾದು ಕೂತಿತ್ತು. ನಮ್ಮನ್ನು ಕಂಡದ್ದೇ ಗುರ್ರೆಂದು ಸುತ್ತುವರಿದವು. ಪಮೇರಿಯನ್ನನ್ನು ಎತ್ತಿ ಎದೆಗವಚಿಕೊಂಡೆ. ಒಂದು ನಾಯಿ ಛತ್ರಿ ಕಿತ್ತುಕೊಂಡಿತು, ಇನ್ನೊಂದು ಸೆರಗಿಗೆ ಬಾಯಿ ಹಾಕಿತು. ಅಷ್ಟರಲ್ಲಿ ಸಾಹುಕಾರರು ಗೇಟು ತೆರೆದು, ತಾಟು ಹಿಡಿದು ಪ್ರತ್ಯಕ್ಷರಾದರು.

"ಅಂಜಬ್ಯಾಡ್ರಿ ತಂಗೀ, ಅವು ಏನೂ ಮಾಡಂಗಿಲ್ಲ!"

ನನಗೆ ಪಿತ್ತ ನೆತ್ತಿಗೇರಿತು. ತುಪ್ಪದ ವಾಸನೆಗೆ ದಂಡು ಅತ್ತ ತಿರುಗಿದ್ದೇ, ಮುದಿನಾಯಿಯನ್ನು ಒಂದು ಕೈಯಲ್ಲಿ ಅವಚಿಕೊಂಡು ರಸ್ತೆ ದಾಟಿ ಅವರ ಕೈಯಿಂದ ತಾಟು ಕಸಿದು, ಅಷ್ಟೂ ರೊಟ್ಟಿಯನ್ನು ಅವರ ಅಂಗಳಕ್ಕೆ ಸುರಿದೆ. ದಂಡು ಸಾಹುಕಾರರ ಕಾಲ ಸಂದಿಯಲ್ಲಿ, ನೀಲಿ ಬಾಟಲಿಗಳ ಪಕ್ಕದಲ್ಲೇ ಒಳಗೆ ನುಗ್ಗಿತು. ನಾನು ಹೊರಗಿನಿಂದ ಗೇಟು ಎಳೆದು ಮನೆಗೆ ಬಂದೆ. ಪಮೇರಿಯನ್‌ಗೆ ಒಂದು ಗೀರೂ ಆಗಿರಲಿಲ್ಲ.

ಸಂಜೆ ಸಾಹುಕಾರರು ಬಂದರು. ಸೊಸೆಯ ಮೇಲೆ ದೂರು ಹೇಳಲು ಅತ್ತೆಗಿಂತ ಒಳ್ಳೆಯ ಕಚೇರಿ ಯಾವುದಿದೆ!

"ನಿಮ್ಮ ಸೊಸಿ ನಮ್ಮ ಮನಿಯಾಗ ನಾಯಿ ಹೊಗಿಸ್ಯಾಳ್ರಿ ಯವ್ವಾ. ಮಮ್ಮಗಳು ಹೆದರಿ ಮುಂಜಾನಿಯಿಂದ ಅಳಾಕತ್ತಾಳ."

ಅತ್ತೆ ತೊಡೆಯ ಮೇಲಿನ ನಾಯಿಯ ಹರಿದ ಕಿವಿ ಸವರುತ್ತ ಕೇಳಿದರು: "ಅಯ್ಯ, ಕೂಸು ಹೆದರ್ತೇನು? ಇಷ್ಟು ದಿನ ನಮ್ಮ ಬಾಗಲದಾಗ ರೊಟ್ಟಿ ಹಾಕಿದ್ರಲ್ಲ, ಇಲ್ಲಿ ಹೆದರೋ ಮಂದಿ ಇಲ್ಲ ಅಂತ ತಿಳ್ಕೊಂಡಿದ್ರೇನ್ರಿ ಯಪ್ಪಾ?"

ಸಾಹುಕಾರರು ಈ ಸಲ ಕೈ ಮುಗಿಯಲಿಲ್ಲ.