ಮಾಸ್ತರರ ವಾಕಿಂಗ್

ನಮ್ಮ ನೆರೆಮನೆಯ ಗಣಿತದ ಮಾಸ್ತರರು ನಿವೃತ್ತರಾದ ಮೇಲೆ ತೂಕ ಇಳಿಸಲೆಂದು ಬೆಳಿಗ್ಗೆ ನನ್ನನ್ನೂ ಎಬ್ಬಿಸಿಕೊಂಡು ಬಾಗೇವಾಡಿಯ ಓಣಿಗಳನ್ನು ಸುತ್ತುತ್ತಿದ್ದರು. ಮನೆಮನೆಯಲ್ಲೂ ಅವರ ಶಿಷ್ಯರು. "ಬರ್ರಿ ಸರ್, ಬಿಸಿ ಉಪ್ಪಿಟ್ಟ ಐತಿ" ಎಂದರೆ ಸಾಕು, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು.

"ಕರದ್ರ ಒಲ್ಲೆ ಅನಬಾರದಪಾ."

ಮನೆಗಳ ಸಹವಾಸವೇ ಬೇಡವೆಂದು ಗೊಳಸಂಗಿ ಹಾದಿ ಹಿಡಿದೆವು. ಅಲ್ಲಿ ಹೊಲದಲ್ಲಿ ಎಳೆ ಜೋಳದ ತೆನೆ ಸುಟ್ಟು ಸೀತನಿ ತಿಕ್ಕುತ್ತಿದ್ದವನೂ ಶಿಷ್ಯನೇ! ಜೊತೆಗೆ ಬೆಲ್ಲ, ಮೊಸರು, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ.

ಕೊನೆಗೆ ಮಾಸ್ತರರ ಮೊಣಕಾಲು ಊದಿಕೊಂಡವು; ನಾನೇ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ತೂಕ ನೋಡಿ ಗದರಿದರು: "ಸರ್, ಮೊದಲ ಈ ವಾಕಿಂಗ್ ಬಿಡ್ರಿ! ತೂಕ ಏರಿದ್ದ ಅದರಿಂದನ."

ಮಾಸ್ತರರು ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿದರು. ಆದರೆ ಡಾಕ್ಟರೂ ಅವರ ಶಿಷ್ಯರೇ. ಕಂಪೌಂಡರನನ್ನು ಕೂಗಿದರು: "ಏ, ಸರ್‌ಗ ಚಾ ತಗೊಂಡ ಬಾ, ಖಾರಿ ಬಿಸ್ಕೀಟೂ ಇರಲಿ!"

ಮಾಸ್ತರರು ನನ್ನ ಮುಖ ನೋಡುತ್ತ ಮತ್ತೆ ಚಪ್ಪಲಿ ಬಿಟ್ಟರು.