ಫೋನಕ್ಕನ ಹೆಸರಲ್ಲಿ ಬಂದ ಸಂದೇಶ

ಬೆಳಗಿನ ಐದೂವರೆ. ಸೇವಾ ಸಂಘದ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ಸ್ವಯಂಸೇವಕರನ್ನೆಲ್ಲ ಫೋನಿನಲ್ಲೇ ಹೊಂದಿಸುವುದರಿಂದ ಆ ಹೆಸರು ಬಂದ ಫೋನಕ್ಕ, ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು, ಊಟದ ಡಬ್ಬಿಗಳ ಮುಚ್ಚಳ ಒತ್ತಿ ನೋಡುತ್ತಿದ್ದಾರೆ. ಹಾಸಿಗೆ ಹಿಡಿದವರು, ಒಂಟಿಯಾಗಿರುವವರು ಸೇರಿ ಅರವತ್ತೆರಡು ಮನೆಗಳಿಗೆ ಡಬ್ಬಿ ಹೋಗಬೇಕು. ಒಯ್ಯುವವರು ಇಪ್ಪತ್ತಮೂರು ಸ್ವಯಂಸೇವಕರು. ಯಾರಿಗೆ ಮಂಡಿನೋವು, ಯಾರ ಮಗಳಿಗೆ ಪರೀಕ್ಷೆ, ಯಾರ್ಯಾರ ನಡುವೆ ಮಾತಿಲ್ಲ, ಎಲ್ಲವೂ ಇವರ ನಾಲಿಗೆಯ ತುದಿಯಲ್ಲಿದೆ.

ಗಂಡ ತೀರಿಕೊಂಡ ವರ್ಷ ಮನೆಯ ಮೌನ ತಡೆಯಲಾರದೆ ಇಲ್ಲಿಗೆ ಬಂದವರು. ಹತ್ತೊಂಬತ್ತು ವರ್ಷವಾಯಿತು. ಇಲ್ಲಿ ಸಂಬಳವಿಲ್ಲ, ಹೊಟ್ಟೆಪಾಡಿಗೆ ಶಾಲೆಯೊಂದರಲ್ಲಿ ಆಯಾ ಕೆಲಸ.

ಈಚೆಗೆ ಸಂಘಕ್ಕೆ ಕೃತಕ ಬುದ್ಧಿಮತ್ತೆ ಬಂದಿದೆ. ಸರದಿ ಹಂಚುವುದು, ಸಂದೇಶ ಕಳಿಸುವುದು ಅದರ ಪಾಲು. ಸಂದೇಶದ ಕೆಳಗೆ ಫೋನಕ್ಕನ ಹೆಸರಿದ್ದರೆ ಜನಕ್ಕೆ ಹತ್ತಿರ ಅನ್ನಿಸುತ್ತದೆಂದು ಕಾರ್ಯದರ್ಶಿ ಹೇಳಿದಾಗ ಇವರು ತಲೆಯಾಡಿಸಿದರು. ಆದರೂ ಒಳಗೊಳಗೇ ಅನುಮಾನದ ಹುಳ ಕೊರೆಯುತ್ತಿತ್ತು.

ಆಮೇಲೆ ಟೈಲರಣ್ಣ ಬರುವುದು ನಿಂತಿತು. ಹನ್ನೊಂದು ವರ್ಷ ಒಂದು ದಿನವೂ ತಪ್ಪಿಸದೆ ಡಬ್ಬಿ ಒಯ್ದ ಜೀವ ಅದು. ಪಟ್ಟಿಯಲ್ಲಿ ಅವರ ಹೆಸರಿನೆದುರು ‘ವಿಶ್ರಾಂತಿ’ ಎಂದಷ್ಟೇ ಇತ್ತು. ಮೈ ಹುಷಾರಿಲ್ಲವೇನೋ ಎಂದು ಫೋನ್ ಮಾಡಿದರೆ ಎತ್ತಲಿಲ್ಲ. ಒಂದು ಸಂಜೆ ಫೋನಕ್ಕ ಹೋಗಿ ಬಾಗಿಲು ಬಡಿದರು. ಒಳಗೆ ಬನ್ನಿ ಎನ್ನದೆ ಟೈಲರಣ್ಣ ಮೊಬೈಲ್ ಮುಂದೆ ಹಿಡಿದರು. ಇಷ್ಟು ವರ್ಷದ ಸೇವೆಗೆ ವಂದನೆ, ಇನ್ನು ವಿಶ್ರಾಂತಿ ಪಡೆಯಿರಿ ಎಂಬ ಸಂದೇಶ. ಕೆಳಗೆ ಫೋನಕ್ಕನ ಹೆಸರು. ಡಬ್ಬಿ ತಲುಪಿಸಲು ಹೆಚ್ಚು ಹೊತ್ತು ಹಿಡಿಯುವವರನ್ನು ಯಂತ್ರ ತಾನಾಗಿಯೇ ಕೈಬಿಟ್ಟಿತ್ತು.

“ಸಾಕು ಅನ್ನೋದಿದ್ರೆ ಮುಖ ನೋಡಿ ಹೇಳ್ಬಹುದಿತ್ತಲ್ಲಮ್ಮ,” ಎಂದರು ಟೈಲರಣ್ಣ.

“ಬರೆದಿದ್ದು ನಾನಲ್ಲ ಅಣ್ಣ. ಆದ್ರೆ ಹೆಸರು ಹಾಕೋಕೆ ಹೂಂ ಅಂದಿದ್ದು ನಾನೇ.”

ಮರುದಿನವೇ ಫೋನಕ್ಕ ಕಾರ್ಯದರ್ಶಿಯ ಎದುರು ಕೂತು ತಮ್ಮ ಹೆಸರು ತೆಗೆಸಿದರು. ಮೆಟ್ಟಿಲು ಹತ್ತುವುದೇ ಕಷ್ಟವಾಗಿದ್ದ ಟೈಲರಣ್ಣನಿಗೆ ಮೆಟ್ಟಿಲಿಲ್ಲದ ನಾಲ್ಕು ಮನೆ ಕೊಡಿಸಿದರು. ಆದರೂ ಪೂರ್ತಿ ನಂಬಿಕೆಯಿಲ್ಲ. ತಮ್ಮ ಇನ್ನೊಂದು ನಂಬರನ್ನು ಸ್ವಯಂಸೇವಕಿಯೊಬ್ಬಳದೆಂದು ಪಟ್ಟಿಗೆ ಸೇರಿಸಿ, ಯಂತ್ರ ಅದಕ್ಕೆ ಕಳಿಸುವ ಒಂದೊಂದು ಸಂದೇಶವನ್ನೂ ಓದುತ್ತಾರೆ. “ಎಲ್ಲ ಬೆಣ್ಣೆಯಂಥ ಮಾತು. ಅದಕ್ಕೇ ಅನುಮಾನ,” ಎನ್ನುತ್ತಾರೆ.

ಅನುಮಾನ ಇವರೊಬ್ಬರದಲ್ಲ. ಈಗ ಇವರೇ ಫೋನ್ ಮಾಡಿದರೂ ಕೆಲವರು, ನಿಜವಾಗಿ ನೀವೇನಾ ಎಂದು ಮೊದಲು ಕೇಳುತ್ತಾರಂತೆ. ಅದನ್ನು ಹೇಳುವಾಗ ಮಾತ್ರ ಫೋನಕ್ಕನ ದನಿ ಇಳಿಯುತ್ತದೆ.

ಸಂಘದಿಂದ ಏನು ಬೇಕು ಎಂದು ಕೇಳಿದರೆ ಹೇಳುತ್ತಾರೆ: “ಪಟ್ಟಿ ಅದೇ ಮಾಡ್ಲಿ, ಬೇಡ ಅನ್ನಲ್ಲ. ಒಬ್ರು ಬರ್ಲಿಲ್ಲ ಅಂದ್ರೆ, ಯಾಕೆ ಬರ್ಲಿಲ್ಲ ಅಂತ ಕೇಳೋ ಕೆಲಸ ಮಾತ್ರ ನಂಗೇ ಬಿಡ್ಲಿ.”